ಶುಕ್ರವಾರದ ಕೆಮ್ಮು

ಮನೆಗೆಲಸದ ಅಕ್ಕ ಶುಕ್ರವಾರ ಮಾತ್ರ ಕೆಮ್ಮುತ್ತಾಳೆ ಎಂದು ಮೊದಲು ಹೇಳಿದ್ದು ಅಮ್ಮ. ಶುಕ್ರವಾರ ಬಚ್ಚಲುಮನೆ ತಿಕ್ಕುವ ದಿನ.

"ಇಪ್ಪತ್ತು ನಿಮಿಷದ ಕೆಲಸಕ್ಕೆ ಇಷ್ಟು ನಾಟಕ. ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ತೀನಿ," ಎಂದಳು.

ಅಕ್ಕ ಹಲಸೂರಿನಿಂದ ಇಂದಿರಾನಗರದ ನಮ್ಮ ಕಾಲೊನಿಗೆ ನಡೆದು ಬರುತ್ತಿದ್ದಳು. ಆಚೀಚೆಯ ಎರಡು ಮನೆಯವರಿಗೆ ವರ್ಗವಾದ ಮೇಲೆ ಅವಳಿಗೆ ಉಳಿದದ್ದು ನಮ್ಮದೊಂದೇ ಮನೆ.

ನನಗೆ ದಿನಚರಿಯಲ್ಲಿ ಎಲ್ಲವನ್ನೂ ಎಣಿಸಿಡುವ ಅಭ್ಯಾಸ. ಕರೆಂಟ್ ಹೋದ ಹೊತ್ತು, ನೀರಿನ ಟ್ಯಾಂಕರ್ ಬಂದ ದಿನ, ಹೀಗೆ. ನಾಟಕವಾದರೆ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ ಎಂದುಕೊಂಡು ಜೂನ್ ತಿಂಗಳ ಒಂದು ಪುಟವನ್ನು ಅವಳ ಕೆಮ್ಮಿಗೆ ಕೊಟ್ಟೆ.

ಜೂನ್ ಆರು, ಶುಕ್ರವಾರ: ಹದಿನೇಳು ಸಲ. ಹದಿಮೂರು: ಇಪ್ಪತ್ತೆರಡು. ಸೋಮವಾರದಿಂದ ಗುರುವಾರದವರೆಗೆ ಒಂದೂ ಇಲ್ಲ. ಅಮ್ಮ ಪುಟ ನೋಡಿ, "ಹೇಳಿರ್ಲಿಲ್ವಾ," ಎಂದಳು. ಅದೇ ಪುಟದಲ್ಲಿ ಎರಡು ಶನಿವಾರಗಳ ಎದುರಿಗೆ ಐದು, ಆರು ಎಂದೂ ಬರೆದಿದ್ದೆ. ಬಚ್ಚಲು ತಿಕ್ಕದ ದಿನ ಯಾರ ಮುಂದೆ ನಾಟಕ ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಇಪ್ಪತ್ತರಂದು ಸೊನ್ನೆ. ತಿಕ್ಕಿದ್ದಳು, ಕೆಮ್ಮಿರಲಿಲ್ಲ. ನಾನು ಎಣಿಸುತ್ತಿರುವುದು ಗೊತ್ತಾಗಿ ಹುಷಾರಾಗಿದ್ದಾಳೆ ಎಂದುಕೊಂಡೆ. ಇಪ್ಪತ್ತೇಳರಂದು ಸದ್ದಿಲ್ಲದೆ ಬಚ್ಚಲಿನ ಬಾಗಿಲಲ್ಲಿ ನಿಂತೆ. ನೆಲದ ಬಿಳಿ ಕಲೆಗಳ ಮೇಲೆ ಹಳೆಯ ಕೂಲ್‌ಡ್ರಿಂಕ್ ಬಾಟಲಿಯಿಂದ ಆಸಿಡ್ ಸುರಿದು, ಕುಕ್ಕರಗಾಲಿನಲ್ಲಿ ಕೂತು ತಿಕ್ಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರು. ನಿಂತಿದ್ದ ನನಗೆ ಏನೂ ಆಗಿರಲಿಲ್ಲ. ಅವಳ ಕಣ್ಣೀರು ನಿಜವೇ ಎಂದು ನೋಡಲು ಪಕ್ಕದಲ್ಲಿ ಬಗ್ಗಿದೆ. ಗಂಟಲು ಉರಿದು ಉಸಿರು ಕಟ್ಟಿತು. ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಆ ವಾಸನೆ ಕಾಲೇಜಿನ ಪ್ರಯೋಗಾಲಯದಿಂದ ನನಗೆ ಗೊತ್ತಿತ್ತು. ಬೋರ್‌ವೆಲ್ ನೀರಿನ ಸುಣ್ಣದ ಕಲೆಗೆ ಆಸಿಡ್ ಬಿದ್ದರೆ ಬರೀ ಗುಳ್ಳೆ ಏಳುತ್ತದೆ. ಇದು ಕ್ಲೋರಿನ್.

"ಅಮ್ಮ, ಬಚ್ಚಲಿಗೆ ಏನಾದ್ರೂ ಹಾಕಿದ್ಯಾ?"

"ಗುರುವಾರ ಸಂಜೆ ಬ್ಲೀಚಿಂಗ್ ಪೌಡರ್ ಉದುರಿಸ್ತೀನಲ್ಲ. ಶುಕ್ರವಾರ ಪೂಜೆ ಹೊತ್ತಲ್ಲಿ ಮೋರಿ ವಾಸ್ನೆ ಬರಬಾರ್ದು ಅಂತ."

"ಹೋದ ವಾರ?"

"ಕೆ.ಆರ್. ಪುರದಲ್ಲಿ ಮದುವೆ ಇತ್ತು. ಹಾಕಿಲ್ಲ."

ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಸೇರಿದರೆ ಅದರೊಳಗಿನ ಕ್ಲೋರಿನ್ ಅನಿಲವಾಗಿ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ತಿಕ್ಕುವವಳು ಅದನ್ನೇ ಉಸಿರಾಡುತ್ತಿದ್ದಳು. ನಿಂತು ನೋಡುವ ನಮಗೆ ಅದು ನಾಟಕವಾಗಿ ಕಾಣುತ್ತಿತ್ತು.

"ಆಸಿಡ್ ಯಾರು ತರೋಕೆ ಹೇಳಿದ್ರು ನಿಂಗೆ? ಸೋಪಿನ ಪುಡಿ ಇಟ್ಟಿದ್ನಲ್ಲ," ಎಂದಳು ಅಮ್ಮ.

ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದ ಅಕ್ಕ ತಲೆ ಎತ್ತಿದಳು. "ಸೋಪಲ್ಲಿ ಕಲೆ ಹೋಗ್ತದಾಮ್ಮಾ? ಹೋಗಿಲ್ಲ ಅಂದ್ರೆ ನೀವೇ ಬೈತೀರ. ಬೀದೀಲಿ ಆಸಿಡ್, ಫಿನಾಯಿಲ್ ಮಾರೋ ಗಾಡಿಯವನ ಹತ್ರ ನಾನೇ ತಂದೆ. ನೀವು ಪುಡಿ ಹಾಕಿದ್ದು ನಂಗೇನ್ ಗೊತ್ತು? ಅದೂ ಬೆಳ್ಳಗೇ ಇರ್ತದೆ, ಕಲೆನೂ ಬೆಳ್ಳಗೇ ಇರ್ತದೆ."

ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನು ದಿನಾ ನನ್ನ ನೋಡ್ಕೊಂಡು ಬರೀತಿದ್ದೆ?"

ಹೇಳಿದೆ.

"ಎಷ್ಟು ಸಲ ಕೆಮ್ಮಿದೆ ಅಂತ ಎಣಿಸ್ದೆ. ಯಾಕ್ ಕೆಮ್ತೀಯ ಅಂತ ಒಂದ್ಸಲ ಕೇಳ್ಬಾರ್ದಿತ್ತಾ, ಕಣ್ಣು?"

ಅಮ್ಮ ಅವತ್ತೇ ಅವಳನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಂದನೇ ತಾರೀಖಿನಿಂದ ಬರಲು ಒಪ್ಪಿದ್ದ ಹೆಂಗಸಿಗೆ ಬೇಡವೆಂದು ಫೋನ್ ಮಾಡಿದಳು. ಅಕ್ಕ ಕೆಲಸದಲ್ಲಿ ಉಳಿದಳು, ಆದರೆ ಬಚ್ಚಲು ತಿಕ್ಕುವುದಿಲ್ಲ ಎಂದು ಹೇಳಿಯೇ ಉಳಿದಳು. ಅದು ಈಗ ನನ್ನ ಪಾಲು.

ಜುಲೈ ನಾಲ್ಕರಂದು ಬ್ರಷ್ ಹಿಡಿದು ಕೂತೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ನಿನ್ನೆ ಅಮ್ಮ ಪುಡಿ ಹಾಕಿಲ್ಲ ತಾನೆ?"

"ಇಲ್ಲಕ್ಕ. ಕೇಳಿದೆ."

"ಕೇಳಿದ್ಯಾ," ಎಂದಳು. "ಸರಿ. ಆದ್ರೂ ಮೊದ್ಲು ನೀರು ಹುಯ್ಯಿ."

ಮೂರು ಬಕೆಟ್ ಹುಯ್ದೆ. ಅಲ್ಲಿಯವರೆಗೂ ಅವಳು ಕದಲಲಿಲ್ಲ.