ನೆಲಮಾಳಿಗೆಯಿಂದ ಬಂದ ಕರೆ

ಅವರ ಬಲಗೈ ಗೆಣ್ಣುಗಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಗೋಡೆಯನ್ನು, ಸಂತೆಯಲ್ಲಿ ತೆಂಗಿನಕಾಯಿ ನೋಡುವವರ ಹಾಗೆ, ಬಡಿದು ಕಿವಿಗೊಡುತ್ತಿದ್ದರು. "ಇದು ಇಟ್ಟಿಗೆ, ಸಿಗ್ನಲ್ ದಾಟ್ತೈತೆ. ಇದು ಕಾಂಕ್ರೀಟು, ಒಳಗೆ ಕಬ್ಬಿಣ. ಬಿಡೂದಿಲ್ಲ."

ಹೊರಗಿನ ಟವರಿನ ಸಿಗ್ನಲ್ ದೊಡ್ಡ ಕಟ್ಟಡಗಳ ಹೊಟ್ಟೆಗೆ ಇಳಿಯುವುದಿಲ್ಲ. ಒಳಗೆ ಯಾವ ಚಾವಣಿಗೆ ಸಣ್ಣ ಆಂಟೆನಾ ಕೂರಿಸಬೇಕೆಂದು ಗೊತ್ತುಮಾಡುವುದು ನಮ್ಮ ಕೆಲಸ. ಅವರು ಹಿರಿಯ ಎಂಜಿನಿಯರ್, ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವವರು. ನಾನು ದಾವಣಗೆರೆಯ ವಿದ್ಯಾನಗರದ ಆಫೀಸಿನಲ್ಲಿ ಕೂತು ನಕ್ಷೆ ಬರೆಯುವವನು. ಬರೆದದ್ದನ್ನು ಅಳಿಸಿ, ಅಳಿಸಿದ್ದಕ್ಕೆ ಚಿಂತಿಸಿ, ಮತ್ತೆ ಅದನ್ನೇ ಬರೆಯುವವನು.

ಫೋನಿನ ಮೇಲಿನ ಸಿಗ್ನಲ್ ಗೆರೆಗಳನ್ನು ಅವರು ನಂಬುತ್ತಿರಲಿಲ್ಲ. "ಗೆರೆ ಎಷ್ಟಾರ ಇರ್ಲಿ. ಆ ಕಡೆ ಮನುಷ್ಯಂಗೆ ಕೇಳಿದ್ರೆ ಕೇಳಿದಂಗೆ." ಹಾಗಾಗಿ ಪ್ರತಿ ಕೋಣೆಯ ಪ್ರತಿ ಮೂಲೆಯಿಂದಲೂ ಹರಿಹರದ ಮನೆಗೆ ಫೋನ್ ಹಚ್ಚುತ್ತಿದ್ದರು. ಎತ್ತುತ್ತಿದ್ದವರು ಅವರ ಹೆಂಡತಿ.

"ಕೇಳಿಸ್ತೈತಾ?"

"ಹೂಂ ರೀ, ಬದನೆಕಾಯಿ ಹೆಚ್ತಿದೀನಿ."

"ಈಗ?"

"ಈಗ ಬಾವ್ಯಾಗಿಂದ ಕರ್ದಂಗೆ ಐತೆ. ಎರಡು ಹೆಜ್ಜೆ ಹಿಂದಕ್ಕೆ ಬರ್ರಿ."

ಕಟ್ಟಡವನ್ನೇ ಕಾಣದ ಆ ತಾಯಿ ಹೇಳಿದ ಜಾಗಕ್ಕೆ ನಾನು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆ.

ಆಕೆ ತೀರಿಕೊಂಡ ಮೇಲೆ ಆ ಕರೆಗಳು ನನಗೆ ಬರತೊಡಗಿದವು. ಮಕ್ಕಳಿಲ್ಲದ ಮನೆ. ಅವರಿಗೆ ಹಚ್ಚಲು ಬೇರೆ ಯಾರೂ ಇರಲಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ನನ್ನ ಕೆಲಸ ಹೆಚ್ಚಾಯಿತು ಅನ್ನುವುದು ಮಾತ್ರ ತಕ್ಷಣ ಹೊಳೆಯಿತು.

ಪಿ.ಜೆ. ಬಡಾವಣೆಯ ಹೊಸ ಆಸ್ಪತ್ರೆಯನ್ನು ಮರುದಿನವೇ ಒಪ್ಪಿಸಬೇಕಿತ್ತು. ನೆಲಮಾಳಿಗೆಯ ಸ್ಕ್ಯಾನಿಂಗ್ ವಿಭಾಗದಿಂದ ಅವರು ಹಚ್ಚಿದರು. ಚಾವಣಿ ಮುಚ್ಚಿಯಾಗಿತ್ತು, ನನ್ನ ನಕ್ಷೆ ತಪ್ಪಿದ್ದರೆ ಬಿಚ್ಚಬೇಕು, ಮಾಲೀಕರ ಬೈಗುಳ ತಿನ್ನಬೇಕು. ಚೂರುಚೂರಾಗಿ ಬಂದ ಅವರ ದನಿಯಲ್ಲಿ ಒಂದು ಪದವೂ ತಿಳಿಯಲಿಲ್ಲ.

"ಕ್ಲಿಯರ್ ಐತೆ ಸರ್, ಸೂಪರ್!" ಅಂದೆ.

ಸಂಜೆ ಬಂದು ನನ್ನೆದುರು ಕೂತರು.

"ನಾನು ಏನಂದೆ ಹೇಳು."

"ಅದೇ ಸರ್... ಕೇಳಿಸ್ತೈತಾ ಅಂತ."

"ಆಕಿ ಹೋಗಿ ಇವತ್ತಿಗೆ ತಿಂಗಳಾತು, ಮನಿಗೆ ಹೋಗಾಕೆ ಮನಸ್ಸಿಲ್ಲೋ ತಮ್ಮಾ, ಅಂದೆ. ನೀನು ಸೂಪರ್ ಅಂದಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಾಳೆ ಚಾವಣಿ ಬಿಚ್ಚಸು. ಅಲ್ಲಿ ಕೂಡ್ರೋರು ಮೇಲಿನ ವಾರ್ಡಿನ ಸುದ್ದಿಗೆ ಕಾಯ್ತಿರ್ತಾರೆ" ಅಂದು ಎದ್ದರು.

ಮರುದಿನ ಬೈಗುಳ ಪೂರ್ತಿ ನನ್ನ ಪಾಲಿಗೆ ಬಂತು, ನ್ಯಾಯವಾಗಿಯೇ ಬಂತು. ಆಂಟೆನಾ ಸರಿಸಿದ ಮೇಲೆ ಅವರು ಕೆಳಗಿನಿಂದ ಮತ್ತೆ ಹಚ್ಚಿದರು.

"ಈಗ?"

"ಚೆನ್ನಾಗಿ ಕೇಳ್ತೈತೆ ಸರ್. ಇವತ್ತು ನಮ್ಮನೆಗೆ ಊಟಕ್ಕೆ ಬರ್ರಿ."

ಸದ್ದಿಲ್ಲ. ಮತ್ತೆ ಕಡಿಯಿತೇನೋ ಅಂದುಕೊಂಡು "ಹಲೋ, ಹಲೋ" ಎಂದು ಕೂಗಿದೆ.

"ಗಾಬರಿ ಆಗಬ್ಯಾಡ. ಲೈನ್ ಐತೆ, ನಾನೇ ಸುಮ್ನಿದ್ದೆ" ಅಂದರು.

ನಿವೃತ್ತರಾದ ಮೇಲೂ ಅವರ ಫೋನ್ ನಿಲ್ಲಲಿಲ್ಲ. ಅಡಿಗೆಮನೆಯಿಂದ, ಹರಿಹರದ ಬಸ್‌ಸ್ಟ್ಯಾಂಡಿನಿಂದ, ಅಳತೆ ಮಾಡಬೇಕಾದ್ದು ಏನೂ ಇಲ್ಲದ ಕಡೆಗಳಿಂದ. ಕೇಳಿಸಿಕೊಂಡದ್ದುಂಟು. "ಆಮೇಲೆ ಮಾಡ್ತೀನಿ ಸರ್" ಅಂದು ಮಾಡದೇ ಬಿಟ್ಟದ್ದೂ ಉಂಟು. ಮೊನ್ನೆ ಹತ್ತು ದಿನ ಕರೆ ಬರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ನಾನು ಅದಕ್ಕೆ ಮಾತ್ರ ಚಿಂತಿಸಲಿಲ್ಲ.

ಹನ್ನೊಂದನೆಯ ದಿನ ಅವರ ನಂಬರಿನಿಂದಲೇ ಫೋನ್ ಬಂತು. ಕೊಕ್ಕನೂರಿನಲ್ಲಿರುವ ಅವರ ಸೋದರಳಿಯ. ಮಾಮ ತೀರಿಕೊಂಡು ಹತ್ತು ದಿನವಾಯಿತು, ಅವತ್ತೇ ಮಣ್ಣಾಯಿತು ಎಂದ.

"ನನಗ್ಯಾಕ್ರಿ ಹೇಳ್ಲಿಲ್ಲ?"

"ಇದ್ರಾಗ ನಿಮ್ಮ ನಂಬರು 'ಟೆಸ್ಟ್ ಎರಡು' ಅಂತ ಐತ್ರಿ. ಕಂಪನಿದು ಇರಬೇಕು ಅನ್ಕೊಂಡ್ವಿ. ಇವತ್ತು ನೋಡಿದ್ರೆ, 'ಟೆಸ್ಟ್ ಒಂದು' ಅಂತ ಇರೋದು ನಮ್ಮ ಅತ್ತೆದು."

ಆಕೆಯ ನಂತರದ ಸಾಲಿನಲ್ಲೇ ನನ್ನನ್ನಿಟ್ಟಿದ್ದರು. ಆಕೆಯಷ್ಟು ಕೇಳಿಸಿಕೊಂಡವನು ನಾನಲ್ಲ.