ಸಲ್ಫ್ಯೂರಿಕ್‌ನಲ್ಲಿ ‘ರಿ’ ಇದೆ

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಬೈಲಹೊಂಗಲದ ಒಂದು ಬ್ಯಾಟರಿ ಅಂಗಡಿಯಲ್ಲಿ ದುಡಿಯುತ್ತಿದ್ದೆ. ಟ್ರ್ಯಾಕ್ಟರ್ ಬ್ಯಾಟರಿಗೆ ದಿನಾ ಆಸಿಡ್ ಹಾಕುತ್ತಿದ್ದೆ. ಅದಕ್ಕೆ ಸಲ್ಫ್ಯೂರಿಕ್ ಅನ್ನುವ ಹೆಸರಿದೆ ಅಂತ ಗೊತ್ತಾಗಿದ್ದು ವೈನಿಯ, ಅಂದರೆ ಅಣ್ಣನ ಹೆಂಡತಿಯ, ಪುಸ್ತಕದಿಂದ.

ವೈನಿ ರಾಮದುರ್ಗದವರು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದೇ ಉಳಿದಿತ್ತು. ನಮ್ಮ ಓಣಿಯ ಅಂಗನವಾಡಿಗೆ ಟೀಚರ್ ಬೇಕಾಗಿದ್ದರು, ಹತ್ತನೇ ತರಗತಿ ಪಾಸಾಗಿರಬೇಕಿತ್ತು. ವೈನಿಗೆ ಆ ಕೆಲಸ ಬೇಕೇ ಬೇಕು. ಎರಡು ಸಲ ಪರೀಕ್ಷೆ ಕಟ್ಟಿ ಫೇಲಾಗಿದ್ದರು. ಈ ಸಲವೂ ಹೋದರೆ ಕೆಲಸ ಬೇರೆಯವರ ಪಾಲು.

ಬೆಳಿಗ್ಗೆ ಅವರು ರೊಟ್ಟಿ ಬಡಿಯುವಾಗ ನಾನು ಪುಸ್ತಕ ಹಿಡಿದು ತಡವರಿಸುತ್ತ ಪ್ರಶ್ನೆ ಕೇಳುತ್ತಿದ್ದೆ. ಉಳಿದದ್ದೆಲ್ಲ ಹೇಳುತ್ತಿದ್ದರು. ಆಮ್ಲಗಳ ಹೆಸರು ಬಂದರೆ ಮುಗೀತು.

“ಎಚ್ ಟೂ ಎಸ್ ಓ ಫೋರ್. ಹೆಸರ ಹೇಳ್ರಿ.”

“ಸಲ್ಫ್ಯೂರಸ್.”

“ತಪ್ಪ್ರಿ. ಸಲ್ಫ್ಯೂರಿಕ್. ಸಲ್ಫ್ಯೂರಸ್ ಅಂದ್ರ ಓ ತ್ರೀ ಇದ್ದದ್ದು.”

“ಎರಡೂ ಒಂದ ಮಾರಿ, ಒಂದ ಮೂಗು. ಯಾರಿಗೆ ಗೊತ್ತಾಗ್ತೈತಿ? ಹಾಳಾಗ್ಲಿ!” ಅಂತ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿದರು.

ಮೂರು ದಿನ ಇದೇ ಆಯಿತು. ನಾಲ್ಕನೇ ದಿನ ತಲೆ ಕೆಟ್ಟು ಪುಸ್ತಕ ಮುಚ್ಚಿದೆ.

“ವೈನಿ, ದೊಡ್ಡವರಿಗೆ ಹೆಂಗ ಅಂತೀರಿ? ಬರ್ರಿ, ಕೂಡ್ರಿ. ರಿ ಹಚ್ಚತೀರೋ ಇಲ್ಲೋ?”

“ಹಚ್ಚತೇನಿ. ಅದಕ್ಕೇನೀಗ?”

“ಆಕ್ಸಿಜನ್ ಹೆಚ್ಚಿದ್ದಂವ ದೊಡ್ಡಾಂವ. ಅವಗ ರಿ ಹಚ್ಚ್ರಿ. ಸಲ್ಫ್ಯೂ-ರಿ-ಕ್. ಕಡಿಮಿ ಇದ್ದಂವ ಸಣ್ಣಾಂವ. ಅವಗ ರಿ ಇಲ್ಲ. ಸಲ್ಫ್ಯೂರಸ್.”

ವೈನಿಯ ಕೈ ನಿಂತಿತು. “ಕ್ಲೋ-ರಿ-ಕ್, ಕ್ಲೋರಸ್. ನೈಟ್-ರಿ-ಕ್, ನೈಟ್ರಸ್. ಅಯ್ಯ ಇದರ, ಕೂಡತೈತಲ್ಲೋ!” ಆಮೇಲೆ ಅನುಮಾನ ಬಂತು. “ಮತ್ತ ಹೈಡ್ರೋಕ್ಲೋರಿಕ್? ಅದರಾಗ ಆಕ್ಸಿಜನ್ನ ಇಲ್ಲ. ಅದಕ್ಯಾಕ ರಿ?”

“ಅಂವ ಬೀಗರ ಕಡಿಯಾಂವ್ರಿ. ಸಣ್ಣಾಂವಿದ್ರೂ ರಿ ಅನ್ನಬೇಕಲ್ಲ. ಮುಂದ ಹೈಡ್ರೋ ಅಂತ ತಲಿಗೆ ಪಟಗಾ ಸುತಗೊಂಡ ಬರತಾನ, ನೋಡಿದ ಕೂಡ್ಲೆ ಗೊತ್ತಾಗ್ತೈತಿ.”

ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದು ನಕ್ಕರು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

“ಕಾರ್ಬೋನಿಕ್‌ದಾಗ ರಿ ಎಲ್ಲೈತೋ, ಶಾಣ್ಯಾ?”

ಸಿಕ್ಕಿಬಿದ್ದೆ. “ಅದು ಮೈಸೂರ ಕಡೀದ್ರಿ. ಅವರು ರಿ ಅನ್ನಂಗಿಲ್ಲ. ಬಾಯಿಪಾಠ ಮಾಡ್ರಿ.”

ಪರೀಕ್ಷೆ ಮುಗಿಸಿ ಹೊರಬಂದವರೇ ಹೇಳಿದರು: “ಎರಡ ಆಮ್ಲದ ಹೆಸರ ಕೇಳಿದ್ರು, ಬರದ ಬಂದೆ. ಬೀಗರು ನೆನಪಾಗಿ ನಗು ತಡ್ಯಾಕ ಆಗ್ಲಿಲ್ಲ. ಸೂಪರ್ವೈಜರ್ ಬಂದು ಚೀಟಿ ಐತೇನಂತ ಡೆಸ್ಕಿನ ಬುಡಕೆಲ್ಲ ಹುಡುಕಿ ಹೋದ್ರು.”

ಫಲಿತಾಂಶದ ದಿನ ಶಾಲೆಯ ಬೋರ್ಡಿನ ಮುಂದೆ ಕಣ್ಣು ಮುಚ್ಚಿ ನಿಂತರು. ನಂಬರ್ ನಾನೇ ಹುಡುಕಿದೆ. ಬೆರಳಿಟ್ಟು ಮತ್ತೊಮ್ಮೆ ನೋಡಿದೆ.

“ಪಾಸ್ ರೀ ವೈನಿ!”

ಬೆನ್ನಿಗೆ ಒಂದು ಗುದ್ದು ಬಿತ್ತು. ಖುಷಿಯ ಗುದ್ದು, ಆದರೂ ನೋವಾಯಿತು. ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ ಅಂಗನವಾಡಿ ಕೆಲಸದ ಅರ್ಜಿ ತಗೊಂಡೆವು. ಹೊರಗಿನ ಕಟ್ಟೆಯ ಮೇಲೆ ಕೂತು ವೈನಿ ತುಂಬಿದರು. ವಿದ್ಯಾರ್ಹತೆ ಅನ್ನುವ ಕಡೆ ‘ಎಸ್ಸೆಸ್ಸೆಲ್ಸಿ ಪಾಸ್’ ಅಂತ ಎಷ್ಟು ಒತ್ತಿ ಬರೆದರೆಂದರೆ, ಕಾಗದವೇ ಹರಿಯಿತು.

“ಇನ್ನೊಂದ ಇಸಗೊಂಡ ಬಾ, ಓಡು!” ಅಂದರು.

ಓಡಿದೆ.