ಖಾಲಿ ಮಾಡದೆ ಕೊಟ್ಟ ಕಂಪ್ಯೂಟರ್

ಮಸೂತಿ ಎಂಬ ಊರಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರಿಗಾಗಿ ನಾನು ಮಾಡಿದ್ದ ವೆಬ್‌ಸೈಟನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಅವರ ಮುಖಗಳಿದ್ದ ಕಡೆಯಲ್ಲೆಲ್ಲ ಬರೀ ಬಿಳಿ ಚೌಕಗಳು. ಪ್ರಾಜೆಕ್ಟ್ ಫೈಲನ್ನಷ್ಟೇ ತಂದಿದ್ದೆ, ಫೋಟೊಗಳ ಫೋಲ್ಡರ್ ಮರೆತಿದ್ದೆ. ಮರುದಿನ ಮಧ್ಯಾಹ್ನ ಅವರೆಲ್ಲ ಅದನ್ನು ನೋಡಲು ಬಾಗೇವಾಡಿಯ ನಮ್ಮ ಮನೆಗೆ ಬರುವವರಿದ್ದರು. ಹಳೆಯ ಕಂಪ್ಯೂಟರನ್ನೋ ವಾರದ ಹಿಂದೆಯೇ ಇಂಗಳೇಶ್ವರದ ಟೇಲರ್ ಶಾಂತಕ್ಕನಿಗೆ ಕೊಟ್ಟಾಗಿತ್ತು.

ಆಗ ಅವ್ವನ ಮಾತು ನೆನಪಾಯಿತು. ಕೊಡುವ ಮೊದಲು ನಾನು ಅದರಲ್ಲಿದ್ದುದನ್ನೆಲ್ಲ ಅಳಿಸುತ್ತ ಕೂತಿದ್ದಾಗ ಅವಳು ತಡೆದಿದ್ದಳು.

"ಖಾಲಿ ಡಬ್ಬಿ ಯಾರಿಗೂ ಕೊಡಬಾರದವಾ, ಅದರಾಗ ಏನರ ಒಂದಿಷ್ಟು ಬಿಡು."

ಕಂಪ್ಯೂಟರೇನು ಡಬ್ಬಿಯೇ ಎಂದು ಗೊಣಗಿದರೂ, ಅವಳ ಬಾಯಿ ಮುಚ್ಚಿಸಲು ಕೊನೆಯ ಫೋಲ್ಡರೊಂದನ್ನು ತೆರೆದೂ ನೋಡದೆ ಹಾಗೇ ಬಿಟ್ಟಿದ್ದೆ.

ಆ ಫೋಲ್ಡರಿನಲ್ಲಿ ಏನಿದೆ ಎಂದು ಕೇಳಲು ಶಾಂತಕ್ಕನಿಗೆ ಫೋನ್ ಮಾಡಿದೆ.

"ರೊಟ್ಟಿ ಬಡಿಯೋ ಹೆಣ್ಮಕ್ಕಳ ಫೋಟೊ ಹೌದಲ್ರಿ? ಎಲ್ಲಾರೂ ಎಷ್ಟ್ ಚಂದ ನಗಾಕತ್ತಾರ, ಅಳಸಾಕ ಮನಸ್ಸ ಆಗಲಿಲ್ರಿ," ಎಂದರು.

ಬೆಳಿಗ್ಗೆ ಮೊದಲ ಬಸ್ಸಿಗೇ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು, ಜೊತೆಗೊಂದು ಡಬ್ಬಿ ತುಂಬ ಶೇಂಗಾ ಹೋಳಿಗೆ. ಮಧ್ಯಾಹ್ನ ಬಂದ ಹೆಂಗಸರು ಕಂಪ್ಯೂಟರಿನಲ್ಲಿ ತಮ್ಮ ನಗುವನ್ನು ತಾವೇ ನೋಡಿ ನಕ್ಕದ್ದು ಓಣಿಗೆಲ್ಲ ಕೇಳಿತು.

ಶಾಂತಕ್ಕನ ಡಬ್ಬಿಯನ್ನು ಅವ್ವ ತೊಳೆದು, ಅರಳು ಬೀಸಿ ಮಾಡಿದ ಅಳ್ಳಿಟ್ಟು ತುಂಬಿ ಕಳಿಸಿದಳು. ಅಂದಿನಿಂದ ಅದು ಎರಡೂ ಮನೆಗಳ ನಡುವೆ ಓಡಾಡುತ್ತಲೇ ಇದೆ. ಒಮ್ಮೆಯೂ ಖಾಲಿ ಹೋಗಿಲ್ಲ.